ಆಗೊ2, ಡ್ರೋಷಾ, ಡೈಸರ್‌ಗೆ ಬಣ್ಣ ಕಟ್ಟಿದ ಆಂಟಿಬಾಡಿ: ಕೊಡಗಿನ ಲ್ಯಾಬಿನವರು ಯಾವುದಕ್ಕೆ ದುಡ್ಡು ಹಾಕಬಹುದು

ಆಗೊ2, ಡ್ರೋಷಾ, ಡೈಸರ್ ಎಂದರೆ ಕೋಶದಲ್ಲಿ ಮೈಕ್ರೋಆರ್‌ಎನ್‌ಎಯನ್ನು ತಯಾರಿಸಿ ಬಳಸುವ ಪ್ರೋಟೀನುಗಳು. ಅವಕ್ಕೆ ಹೋಗಿ ಅಂಟುವ ಆಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟಿದರೆ ಅವು ಎಲ್ಲಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಇಂಥ ಆಂಟಿಬಾಡಿಗಳ ಬಗ್ಗೆ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಆಗೊ2 ಪ್ರೋಟೀನಿಗೆಂದು ಅಲೆಕ್ಸಾ ಫ್ಲೋರ್ 488 ಎನ್ನುವ ಹಸಿರು ಬಣ್ಣ ಕಟ್ಟಿಕೊಂಡೇ ಬರುವ ಮೊಲದ ಮಾನೊಕ್ಲೋನಲ್ ಆಂಟಿಬಾಡಿ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ. ಡ್ರೋಷಾಗೆ ಕೆಂಪಾಗಿ ಹೊಳೆಯುವ 594 ಬಣ್ಣ ಕಟ್ಟಿದ್ದೂ ಪರವಾಗಿಲ್ಲ. ಡೈಸರ್‌ಗೆ ಮಾತ್ರ ನೇರ ಬಣ್ಣದ್ದನ್ನು ಕೊಳ್ಳಬೇಡಿ. ಹೊಳಪು ಸಾಲದೆ ಇಡೀ ವಯಲ್ (ಸಣ್ಣ ಸೀಸೆ) ದಂಡವಾಗುತ್ತದೆ. ಈ ಮೂರರಲ್ಲಿ ಯಾವುದನ್ನು ತರಿಸಿದರೂ ಕೊಡಗಿನಲ್ಲಿ ಅದರ ಮೊದಲ ಶತ್ರು ತೇವ, ಎರಡನೆಯದು ಫ್ರಿಜ್ಜಿನ ಹಿಂಗೋಡೆ. ಅವೆರಡರ ಮಾತು ಮುಂದೆ ವಿವರವಾಗಿ ಬರುತ್ತದೆ.

ಮೈಕ್ರೋಆರ್‌ಎನ್‌ಎ ಎಂದರೆ ಸುಮಾರು 22 ಅಕ್ಷರ ಉದ್ದದ ಆರ್‌ಎನ್‌ಎ ತುಂಡು. 1993ರಲ್ಲಿ ಪುಟ್ಟ ಹುಳುವೊಂದರಲ್ಲಿ ಇದನ್ನು ಮೊದಲು ತೋರಿಸಿಕೊಟ್ಟ ಕೆಲಸಕ್ಕೆ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ 2024ರ ವೈದ್ಯಕೀಯ ನೊಬೆಲ್ ಪಡೆದರು. ಈ ತುಂಡು ತಾನಾಗಿ ಹುಟ್ಟುವುದಿಲ್ಲ. ಕೋಶಕೇಂದ್ರದೊಳಗೆ ಡ್ರೋಷಾ ಮತ್ತು ಡಿಜಿಸಿಆರ್8 ಜೋಡಿ ಉದ್ದನೆಯ ಎಳೆಯನ್ನು ಕತ್ತರಿಸಿ ಸುಮಾರು 70 ಅಕ್ಷರದ ಹೇರ್‌ಪಿನ್ ಮಾಡುತ್ತದೆ. ಎಕ್ಸ್‌ಪೋರ್ಟಿನ್-5 ಅದನ್ನು ಹೊರಗೆ ಹೊತ್ತು ತರುತ್ತದೆ. ಕೋಶದ್ರವ್ಯದಲ್ಲಿ ಡೈಸರ್ ಇನ್ನೊಮ್ಮೆ ಕತ್ತರಿಸುತ್ತದೆ, ಟಿಆರ್‌ಬಿಪಿ ಅದಕ್ಕೆ ಕೈಜೋಡಿಸುತ್ತದೆ. ಕೊನೆಗೆ ಎರಡು ಎಳೆಗಳಲ್ಲಿ ಒಂದನ್ನು ಆಗೊ2 ಹಿಡಿದುಕೊಂಡು ಸಂದೇಶವಾಹಕ ಆರ್‌ಎನ್‌ಎಯ ಬಾಯಿ ಮುಚ್ಚಿಸುತ್ತದೆ. ಮೈಕ್ರೋಆರ್‌ಎನ್‌ಎ ಎಷ್ಟಿದೆ ಎಂದು ಪಿಸಿಆರ್ ಹೇಳೀತು. ಈ ಪ್ರೋಟೀನುಗಳು ಕೋಶದ ಯಾವ ಮೂಲೆಯಲ್ಲಿ ಕೂತಿವೆ, ಒತ್ತಡ ಬಂದಾಗ ಎಲ್ಲಿಗೆ ಓಡುತ್ತವೆ ಎಂದು ನೋಡಲು ಆಂಟಿಬಾಡಿಯೇ ಬೇಕು.

ನೇರ ಬಣ್ಣದ್ದು ಯಾಕೆ ಬೇಕು? ಮಾಮೂಲಿ ಪದ್ಧತಿಯಲ್ಲಿ ಮೊದಲು ಬಣ್ಣವಿಲ್ಲದ ಆಂಟಿಬಾಡಿ (ಪ್ರೈಮರಿ), ಅದರ ಮೇಲೆ ಬಣ್ಣದ ಸೆಕೆಂಡರಿ, ಎಂದರೆ ಮೊದಲನೆಯದಕ್ಕೇ ಅಂಟುವ ಎರಡನೆಯ ಆಂಟಿಬಾಡಿ. ಮೊಲದಿಂದ ಬಂದ ಎರಡು ಆಂಟಿಬಾಡಿಗಳನ್ನು ಕೋಶ ಬೆಳೆಸಿದ ಒಂದೇ ಕವರ್‌ಸ್ಲಿಪ್ (ತೆಳುಗಾಜು) ಮೇಲೆ ಹಾಕಿದರೆ ಸೆಕೆಂಡರಿಗೆ ಅವುಗಳ ಭೇದ ತಿಳಿಯುವುದಿಲ್ಲ, ಎರಡಕ್ಕೂ ಅಂಟಿಕೊಳ್ಳುತ್ತದೆ. ಆಗೊ2ಗೂ, ಪಿ-ಬಾಡಿ ಎನ್ನುವ ಕೋಶದೊಳಗಿನ ಚುಕ್ಕೆಗಳ ಗುರುತಾದ ಡಿಡಿಎಕ್ಸ್6 ಪ್ರೋಟೀನಿಗೂ ಸಿಗುವ ಒಳ್ಳೆಯ ಆಂಟಿಬಾಡಿಗಳಲ್ಲಿ ಬಹಳಷ್ಟು ಮೊಲದವೇ ಆಗಿರುವುದರಿಂದ ಈ ತೊಡಕು ದಿನನಿತ್ಯದ್ದು. ಬಣ್ಣ ಕಟ್ಟಿಯೇ ಬಂದರೆ ಈ ಗೊಂದಲವಿಲ್ಲ, ಒಂದು ಗಂಟೆಯ ಕೆಲಸವೂ ಮೂರು ತೊಳೆತವೂ ಉಳಿಯುತ್ತವೆ. ಆದರೆ ಹೊಳಪು ಕಡಿಮೆ. ಒಂದು ಪ್ರೈಮರಿಯ ಮೇಲೆ ಹಲವು ಸೆಕೆಂಡರಿ ಕೂತು ಬೆಳಕನ್ನು ಹೆಚ್ಚಿಸುತ್ತವೆ. ನೇರ ಬಣ್ಣದಲ್ಲಿ ಆ ಲಾಭ ಸಿಗುವುದಿಲ್ಲ. ಹಾಗಾಗಿ ಕೋಶದಲ್ಲಿ ಧಾರಾಳವಾಗಿರುವ ಪ್ರೋಟೀನಿಗೆ ಇದು ಒಪ್ಪುತ್ತದೆ, ಅಪರೂಪದ್ದಕ್ಕೆ ಒಪ್ಪುವುದಿಲ್ಲ. ಆಗೊ2 ಗೆಲ್ಲುವುದೂ ಡೈಸರ್ ಸೋಲುವುದೂ ಇದೇ ಕಾರಣಕ್ಕೆ.

ಕೊಳ್ಳುವ ಮುಂಚೆ ಡೇಟಾಶೀಟಿನಲ್ಲಿ ನೋಡಬೇಕಾದ್ದು ಮೂರು. ಮೊದಲನೆಯದು, ಆಂಟಿಬಾಡಿಯನ್ನು ಪ್ರೋಟೀನಿನ ಯಾವ ಭಾಗದ ವಿರುದ್ಧ ಬೆಳೆಸಿದ್ದಾರೆ ಎನ್ನುವುದು. ಮನುಷ್ಯನ ಕೋಶದಲ್ಲಿ ಆಗೊ1ರಿಂದ ಆಗೊ4ರವರೆಗೆ ನಾಲ್ಕು ಅಣ್ಣತಮ್ಮಂದಿರಿದ್ದಾರೆ, ನಾಲ್ವರ ಮುಖವೂ ಹೆಚ್ಚುಕಡಿಮೆ ಒಂದೇ. ಅವು ಬೇರೆಬೇರೆಯಾಗಿ ಕಾಣುವುದು ಮುಖ್ಯವಾಗಿ ಎನ್-ತುದಿಯಲ್ಲಿ, ಎಂದರೆ ಪ್ರೋಟೀನಿನ ಆರಂಭದ ತುದಿಯಲ್ಲಿ. ಆ ತುದಿಯ ವಿರುದ್ಧ ಬೆಳೆಸಿದ್ದಾದರೆ ನೆಚ್ಚಬಹುದು. ನಡುವಿನ ಅಥವಾ ಪಿವಿ ಎನ್ನುವ ಭಾಗದ್ದಾದರೆ ನಾಲ್ಕಕ್ಕೂ ಅಂಟುವ ಭಯ. ಎರಡನೆಯದು, ಇಮ್ಯುನೊಫ್ಲೋರೊಸೆನ್ಸ್‌ನಲ್ಲಿ, ಎಂದರೆ ಕೋಶದೊಳಗೇ ಹೊಳಪಿನಿಂದ ಗುರುತಿಸುವ ಪದ್ಧತಿಯಲ್ಲಿ, ಪರೀಕ್ಷೆಯಾಗಿದೆಯೇ ಎನ್ನುವುದು. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟಿನಲ್ಲಿ ಒಂದೇ ಗೆರೆ ಕೊಟ್ಟ ಮಾತ್ರಕ್ಕೆ ಅದು ಕೋಶದೊಳಗೂ ಸರಿಯಾದುದನ್ನೇ ಹಿಡಿಯುತ್ತದೆ ಎಂದಲ್ಲ: ಬ್ಲಾಟಿನಲ್ಲಿ ಪ್ರೋಟೀನ್ ಬಿಚ್ಚಿಕೊಂಡಿರುತ್ತದೆ, ಕೋಶದಲ್ಲಿ ಮಡಿಚಿಕೊಂಡಿರುತ್ತದೆ. ಮೂರನೆಯದು, ವಯಲಿನಲ್ಲಿ ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಅಥವಾ ಜೆಲಾಟಿನ್ ಬೆರೆಸಿದ್ದಾರೆಯೇ ಎನ್ನುವುದು. ಅದು ಮುಂದಿನ ಲೆಕ್ಕಕ್ಕೆ ಬೇಕು.

ಆ ಲೆಕ್ಕ ಬಣ್ಣದ ಪ್ರಮಾಣದ್ದು, ಎಂದರೆ ಒಂದು ಆಂಟಿಬಾಡಿಗೆ ಎಷ್ಟು ಬಣ್ಣದ ಅಣು ಕೂತಿದೆ ಎನ್ನುವುದು. 3ರಿಂದ 7ರವರೆಗೆ ಇದ್ದರೆ ಒಳ್ಳೆಯದು. ಅದಕ್ಕಿಂತ ಹೆಚ್ಚಾದರೆ ಬಣ್ಣದ ಅಣುಗಳು ಒಂದರ ಬೆಳಕನ್ನು ಇನ್ನೊಂದು ನುಂಗುತ್ತವೆ, ಆಂಟಿಬಾಡಿ ಸಿಕ್ಕಸಿಕ್ಕಲ್ಲಿಗೆ ಅಂಟುತ್ತದೆ. ಬಿಎಸ್‌ಎ ಇಲ್ಲದ ವಯಲ್ ಆದರೆ ಸ್ಪೆಕ್ಟ್ರೋಫೋಟೊಮೀಟರಿನಲ್ಲಿ ನೀವೇ ಅಳೆಯಬಹುದು. 494 ನ್ಯಾನೊಮೀಟರಿನ ಓದನ್ನು 71,000ದಿಂದ ಭಾಗಿಸಿದರೆ ಬಣ್ಣದ ಮೋಲಾರ್ ಪ್ರಮಾಣ. 280ರ ಓದಿನಿಂದ, 494ರ ಓದಿನ 0.11 ಪಾಲನ್ನು ಕಳೆದು, ಉಳಿದದ್ದನ್ನು 2,03,000ದಿಂದ ಭಾಗಿಸಿದರೆ ಆಂಟಿಬಾಡಿಯದ್ದು. 280ರಲ್ಲಿ 0.50, 494ರಲ್ಲಿ 0.55 ಬಂತೆನ್ನಿ: ಅನುಪಾತ ಸುಮಾರು 3.6, ಚಿಂತೆಯಿಲ್ಲ. ವಯಲಿನಲ್ಲಿ ಬಿಎಸ್‌ಎ ಇದ್ದರೆ 280ರ ಓದು ಅದರದ್ದೇ ಆಗಿರುತ್ತದೆ, ಲೆಕ್ಕ ಹಾಳು. ಆಗ ಲಾಟ್ ನಂಬರ್ ಕೊಟ್ಟು ಕಂಪನಿಯಿಂದಲೇ ಅಂಕಿ ಕೇಳಿ ಪಡೆಯಿರಿ.

ಇನ್ನು ಈ ಆಂಟಿಬಾಡಿ ಕೊಳ್ಳುವವರೆಲ್ಲ ನೋಡಲು ಕಾತರಿಸುವ ಚುಕ್ಕೆಗಳು. ಆಗೊ2ನ ಹೆಚ್ಚಿನ ಪಾಲು ಕೋಶದ್ರವ್ಯದಲ್ಲೆಲ್ಲ ಮಂಜಿನ ಹಾಗೆ ಹರಡಿಕೊಂಡಿರುತ್ತದೆ. ಒಂದು ಸಣ್ಣ ಪಾಲು ಪಿ-ಬಾಡಿ ಎನ್ನುವ, ಅರ್ಧ ಮೈಕ್ರೋಮೀಟರಿಗಿಂತ ಚಿಕ್ಕ ಚುಕ್ಕೆಗಳಲ್ಲಿ ಗುಂಪಾಗಿರುತ್ತದೆ. ಕಣ್ಣಿಗೆ ಮೊದಲು ಬೀಳುವುದು ಅದೇ. ಆದರೆ ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಕೂತ ಬಣ್ಣದ ಆಂಟಿಬಾಡಿ ಗಂಟುಕಟ್ಟುತ್ತದೆ, ಆ ಗಂಟೂ ನೋಡಲು ಅದೇ ಚುಕ್ಕೆಯ ಹಾಗೆಯೇ, ಅದಕ್ಕಿಂತ ಚೆನ್ನಾಗಿಯೇ ಹೊಳೆಯುತ್ತದೆ. ಎರಡನ್ನೂ ಬೇರ್ಪಡಿಸಿ ನೋಡಲು ಬಾರದಿದ್ದರೆ ಈ ಉತ್ಪನ್ನದಿಂದ ತೆಗೆದ ಒಂದು ಚಿತ್ರವನ್ನೂ ನಂಬುವಂತಿಲ್ಲ.

ಬೇರ್ಪಡಿಸುವ ದಾರಿ ಇದೆ. ಫೋಕಸ್ ಗುಂಡಿಯನ್ನು ನಿಧಾನ ತಿರುಗಿಸಿ: ನಿಜವಾದ ಪಿ-ಬಾಡಿ ಕೋಶದ ಮೈಯೊಳಗೆ, ಕೋಶಕೇಂದ್ರದ ಸುತ್ತಿನಲ್ಲಿ, ಅದರ ಮಟ್ಟದಲ್ಲೇ ಚೂಪಾಗುತ್ತದೆ. ಗಂಟಾದರೆ ಹೆಚ್ಚಾಗಿ ಕೋಶದ ಮೇಲ್ಮೈಯಲ್ಲೋ ಗಾಜಿನ ಮಟ್ಟದಲ್ಲೋ ಚೂಪಾಗುತ್ತದೆ. ಕೋಶವಿಲ್ಲದ ಬರಿಗಾಜಿನ ಜಾಗಕ್ಕೆ ಸ್ಲೈಡ್ ಸರಿಸಿ ನೋಡಿ, ಅಲ್ಲೂ ಚುಕ್ಕೆಯಿದ್ದರೆ ಅನುಮಾನವೇ ಬೇಡ, ಅದು ಗಂಟು. ಇನ್ನೂ ಗಟ್ಟಿ ಪರೀಕ್ಷೆ ಬೇಕಿದ್ದರೆ ಎರಡು ಔಷಧ. ಕೋಶಗಳಿಗೆ ಫಿಕ್ಸ್ ಮಾಡುವ (ಇದ್ದಂತೆಯೇ ಹಿಡಿದು ನಿಲ್ಲಿಸುವ) ಮುಂಚೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಸೈಕ್ಲೊಹೆಕ್ಸಿಮೈಡ್ ಒಂದು ಗಂಟೆ ಕೊಟ್ಟರೆ ಸಂದೇಶವಾಹಕ ಆರ್‌ಎನ್‌ಎ ರೈಬೋಸೋಮಿನಲ್ಲೇ ಸಿಕ್ಕಿಹಾಕಿಕೊಂಡು ಪಿ-ಬಾಡಿಗಳು ಕರಗಿಹೋಗುತ್ತವೆ. ಅದಾದ ಮೇಲೂ ಉಳಿದ ಚುಕ್ಕೆ ಪಿ-ಬಾಡಿಯಲ್ಲ. ಇನ್ನೊಂದು ಕವರ್‌ಸ್ಲಿಪ್‌ಗೆ 0.5 ಮಿಲಿಮೋಲಾರ್ ಸೋಡಿಯಂ ಆರ್ಸೆನೈಟ್ 30ರಿಂದ 60 ನಿಮಿಷ ಕೊಟ್ಟರೆ ಆಗೊ2 ದೊಡ್ಡ ಒತ್ತಡ-ಕಣಗಳಲ್ಲಿ ಬಂದು ಸೇರುತ್ತದೆ. ಆಂಟಿಬಾಡಿ ಸರಿಯಿದೆ ಎನ್ನಲು ಇದು ಒಳ್ಳೆಯ ಸಾಕ್ಷಿ. ಎರಡೂ ವಿಷ. ಆರ್ಸೆನೈಟ್ ಬೆರೆತ ನೀರನ್ನು ಸಿಂಕಿಗೆ ಸುರಿಯಲೇಬಾರದು. ಇಲ್ಲಿನ ತೋಡಿನ ನೀರು ಬಹುಪಾಲು ಕಾವೇರಿಗೇ ಸೇರುತ್ತದೆ. ಬೇರೆ ಬಾಟಲಿಯಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯ ಒಯ್ಯುವವರ ಕೈಗೇ ಕೊಡಿ.

ಗಂಟೇ ಬಾರದಂತೆ ನೋಡಿಕೊಳ್ಳುವುದು ಸುಲಭ. ಬಳಸುವ ಪ್ರತಿ ಸಲ ವಯಲನ್ನು 4 ಡಿಗ್ರಿಯಲ್ಲಿ 10,000 ಜಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳ ಮುಟ್ಟದೆ ಮೇಲಿನ ದ್ರವವನ್ನಷ್ಟೇ ಪಿಪೆಟ್ಟಿನಲ್ಲಿ ಎತ್ತಿ. ವೋರ್ಟೆಕ್ಸ್ ಮಾಡಬೇಡಿ, ಎಂದರೆ ಯಂತ್ರದಲ್ಲಿ ಜೋರಾಗಿ ಕಲಕಬೇಡಿ.

ಲ್ಯಾಬುಗಳಲ್ಲಿ ಬೆಳೆಸುವ ಹೀಲಾ ಎಂಬ ಮನುಷ್ಯಕೋಶಗಳಿಗೆ ಹೊಂದುವ ಕ್ರಮ ಹೀಗೆ. 1.5 ನಂಬರಿನ, ಎಂದರೆ 0.17 ಮಿಲಿಮೀಟರ್ ದಪ್ಪದ ಕವರ್‌ಸ್ಲಿಪ್. ಪಿಬಿಎಸ್ ಎಂಬ ಉಪ್ಪುನೀರಿನ ಬಫರಿನಲ್ಲಿ ಹೊಸದಾಗಿ ಮಾಡಿದ 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ, ಇದೇ ಫಿಕ್ಸ್. ಮೂರು ಸಲ ತೊಳೆದು, ಉಳಿದ ಫಾರ್ಮಾಲ್ಡಿಹೈಡನ್ನು ತಣಿಸಲು 50 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ 10 ನಿಮಿಷ. ಆಮೇಲೆ ಕೋಶದ ಪೊರೆಯಲ್ಲಿ ತೂತು ಮಾಡುವ 0.2 ಶೇಕಡಾ ಟ್ರೈಟನ್ ಎಕ್ಸ್-100 ಹತ್ತು ನಿಮಿಷ. ಫಿಕ್ಸ್ ಮತ್ತು ಟ್ರೈಟನ್ ಎರಡರ ಕ್ರಮ ತಿರುವುಮುರುವಾದರೆ, ಅಂದರೆ ಫಿಕ್ಸ್ ಮಾಡುವ ಮೊದಲೇ ಟ್ರೈಟನ್ ಬಿದ್ದರೆ, ಕೋಶದ್ರವ್ಯದಲ್ಲಿ ಕರಗಿರುವ ಆಗೊ2 ತೊಳೆದುಹೋಗಿ ಚುಕ್ಕೆಗಳಷ್ಟೇ ಉಳಿಯುತ್ತವೆ, ನೋಡಿದವರು ಎಲ್ಲವೂ ಪಿ-ಬಾಡಿಯಲ್ಲೇ ಇದೆ ಎಂದುಕೊಳ್ಳುತ್ತಾರೆ. 3 ಶೇಕಡಾ ಬಿಎಸ್‌ಎಯಲ್ಲಿ ಒಂದು ಗಂಟೆ ಬ್ಲಾಕ್, ಎಂದರೆ ಆಂಟಿಬಾಡಿ ಸಿಕ್ಕಸಿಕ್ಕಲ್ಲಿ ಅಂಟದಂತೆ ಮುಚ್ಚುವುದು. ಆಂಟಿಬಾಡಿಯನ್ನು 1:50ಕ್ಕೆ ತೆಳುಮಾಡಿ ಕತ್ತಲಲ್ಲಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. 1:25, 1:50, 1:100, 1:200 ಎಂದು ನಾಲ್ಕು ಪ್ರಮಾಣ ಒಮ್ಮೆ ಮಾಡಿ ನೋಡಿದರೆ ನಿಮ್ಮ ಕೋಶಕ್ಕೆ ಯಾವುದು ಸರಿಯೆಂದು ಖಚಿತವಾಗುತ್ತದೆ.

ರಾತ್ರಿಯಿಡೀ ಎನ್ನುವುದಕ್ಕೆ ಕಾರಣವಿದೆ. ಡೇಟಾಶೀಟುಗಳಲ್ಲಿ ‘ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆ’ ಎಂದಿರುತ್ತದೆ. ಅವರ ಕೋಣೆ 22ರಿಂದ 25 ಡಿಗ್ರಿಯದ್ದು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಮಡಿಕೇರಿಯ ಕೋಣೆ 18ರ ಆಸುಪಾಸಿನಲ್ಲಿರುತ್ತದೆ, ಆ ಒಂದು ಗಂಟೆಯಲ್ಲಿ ಆಂಟಿಬಾಡಿ ಪೂರ್ತಿ ಕೂರುವುದಿಲ್ಲ. ಇಲ್ಲಿ ಕಳಪೆ ಎನ್ನಿಸಿಕೊಂಡ ವಯಲ್ ಮೈಸೂರಿನಲ್ಲಿ ಸರಿಯಾಗಿ ಹೊಳೆದರೆ ಮೊದಲು ಈ ವ್ಯತ್ಯಾಸವನ್ನು ನೋಡಬೇಕು.

ವಯಲ್ ಬೇಗ ಮುಗಿಯದ ಹಾಗೆ ಬಳಸುವ ಒಂದು ಜಾಣತನ: ಪ್ಯಾರಾಫಿಲ್ಮ್ ಮೇಲೆ 40 ಮೈಕ್ರೋಲೀಟರಿನ ಹನಿ ಇಟ್ಟು, 18 ಮಿಲಿಮೀಟರಿನ ಕವರ್‌ಸ್ಲಿಪ್ಪನ್ನು ಕೋಶದ ಬದಿ ಕೆಳಗಾಗುವಂತೆ ಅದರ ಮೇಲೆ ಮಗುಚಿ, ಒದ್ದೆ ಟಿಶ್ಯೂ ಇಟ್ಟ ಡಬ್ಬದಲ್ಲಿ ಮುಚ್ಚಿಡಿ. 1:50ರಲ್ಲಿ ಒಂದಕ್ಕೆ ಖರ್ಚಾಗುವುದು 0.8 ಮೈಕ್ರೋಲೀಟರ್. 100 ಮೈಕ್ರೋಲೀಟರಿನ ವಯಲ್ ಲೆಕ್ಕಕ್ಕೆ 125 ಕವರ್‌ಸ್ಲಿಪ್‌ಗೆ ಬರುತ್ತದೆ. ಕುಳಿಗಳಿರುವ ತಟ್ಟೆಯಲ್ಲಿ ಒಂದೊಂದು ಕುಳಿಗೆ 250 ಮೈಕ್ರೋಲೀಟರ್ ಸುರಿದರೆ ಅದೇ ವಯಲ್ 20ಕ್ಕೇ ಮುಗಿಯುತ್ತದೆ.

ಡ್ರೋಷಾ. ಕೋಶಕೇಂದ್ರದೊಳಗೆ, ನ್ಯೂಕ್ಲಿಯೊಲಸ್ ಎನ್ನುವ ಒಳಗುಂಡಿನ ಜಾಗವನ್ನು ಕತ್ತಲಾಗಿ ಬಿಟ್ಟು, ಉಳಿದೆಡೆ ಸಣ್ಣ ಕಾಳಿನಂತೆ ಹರಡಿದ ಹೊಳಪು ಬರಬೇಕು. 594 ಬಣ್ಣ, ಡಿಎನ್‌ಎಗೆ ಅಂಟಿ ಕೋಶಕೇಂದ್ರ ತೋರಿಸುವ ಡ್ಯಾಪಿಯ ನೀಲಿಯಿಂದ ದೂರವಿರುವುದರಿಂದ ಇಲ್ಲಿ ಅದೇ ಸರಿಯಾದ ಆಯ್ಕೆ. ಕೋಶದ್ರವ್ಯದಲ್ಲೂ ಸ್ವಲ್ಪ ಕಂಡರೆ ತಕ್ಷಣ ಆಂಟಿಬಾಡಿಯನ್ನು ದೂರಬೇಡಿ; ಕೋಶಕೇಂದ್ರಕ್ಕೆ ಹೋಗುವ ಗುರುತನ್ನು ಕಳೆದುಕೊಂಡ ಡ್ರೋಷಾದ ರೂಪಗಳೂ ನಿಜವಾಗಿ ಇವೆ. ಆದರೆ ನ್ಯೂಕ್ಲಿಯೊಲಸ್ಸೇ ಉರಿಯುವಂತೆ ಹೊಳೆದರೆ ಅದು ಬಣ್ಣ ಹೆಚ್ಚಾದ ಆಂಟಿಬಾಡಿ ಸುಮ್ಮನೆ ಅಂಟಿದ್ದು. ಅಲೆಕ್ಸಾ ಬಣ್ಣಗಳಿಗೆ ಋಣ ಆವೇಶವಿದೆ, ಧನ ಆವೇಶದ ಪ್ರೋಟೀನ್ ಕಂಡಲ್ಲಿಗೆ ಎಳೆಯಲ್ಪಡುತ್ತವೆ. ಇದನ್ನು ಹಿಡಿಯಲು ಅಷ್ಟೇ ಬಣ್ಣದ ಪ್ರಮಾಣವಿರುವ, ಅದೇ ಬಣ್ಣದ ಐಸೊಟೈಪ್ ಕಂಟ್ರೋಲ್ (ಅದೇ ಜಾತಿಯ, ಆದರೆ ಕೋಶದ ಯಾವ ಗುರಿಗೂ ಅಂಟದ ಆಂಟಿಬಾಡಿ) ಒಟ್ಟಿಗೇ ತರಿಸಬೇಕು. ಬಣ್ಣವಿಲ್ಲದ ಐಸೊಟೈಪ್ ಇಲ್ಲಿ ಏನನ್ನೂ ಹೇಳುವುದಿಲ್ಲ.

ಡೈಸರ್ ಸುಮಾರು 217 ಕಿಲೋಡಾಲ್ಟನ್ನಿನ ದೊಡ್ಡ ಪ್ರೋಟೀನ್, ಆದರೆ ಕೋಶದಲ್ಲಿ ಅದರ ಪ್ರತಿಗಳು ಕಡಿಮೆ. ನೇರ ಬಣ್ಣ ಹಾಕಿದರೆ ಕಾಣುವ ಮಸುಕು ಹಸಿರಿನಲ್ಲಿ ಕೋಶದ ಸ್ವಂತ ಹೊಳಪೆಷ್ಟು, ಡೈಸರ್ ಎಷ್ಟು ಎಂದು ಹೇಳಲಾಗದು. ಬಣ್ಣವಿಲ್ಲದ ಪ್ರೈಮರಿಗೆ ಬಣ್ಣದ ಸೆಕೆಂಡರಿ ಸೇರಿಸಿ, ಅದೂ ಸಾಲದಿದ್ದರೆ ಪೆರಾಕ್ಸಿಡೇಸ್ ಎಂಬ ಕಿಣ್ವದಿಂದ ಹೊಳಪು ಹೆಚ್ಚಿಸುವ ಟೈರಮೈಡ್ ವರ್ಧನೆಗೆ ಹೋಗಿ. ಟೈರಮೈಡಿಗೆ ಹೋಗುವವರು ಬಫರಿನಲ್ಲಿ ಸೋಡಿಯಂ ಅಜೈಡ್ ಇಲ್ಲವೆಂದು ನೋಡಿಕೊಳ್ಳಬೇಕು, ಅದು ಪೆರಾಕ್ಸಿಡೇಸನ್ನು ಕೊಲ್ಲುತ್ತದೆ.

ಲೆಟ್-7 ಎಂಬ ಮೈಕ್ರೋಆರ್‌ಎನ್‌ಎ ಕುಟುಂಬವನ್ನು ತಡೆಯುವ ಲಿನ್28 ಪ್ರೋಟೀನಿಗೆ ನೇರ ಬಣ್ಣದ್ದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕೋಶ ಸರಿಯಿರಬೇಕು. ಹೀಲಾದಲ್ಲಿ ಅದರ ಒಂದು ರೂಪವಾದ ಲಿನ್28ಎ ಹುಡುಕಿದರೆ ಸಿಗುವುದಿಲ್ಲ, ಅದನ್ನು ಖಾಲಿ ಕಂಟ್ರೋಲ್ ಆಗಿ ಇಟ್ಟುಕೊಳ್ಳಿ. ಇದೆ ಎಂದು ತೋರಿಸಲು ಎನ್‌ಟೆರಾ-2 ಎಂಬ ಇನ್ನೊಂದು ಮನುಷ್ಯಕೋಶ ಬೇಕು.

ಕಂಟ್ರೋಲ್ ವಿಷಯದಲ್ಲಿ ಇನ್ನೊಂದು ಮಾತು. ಆಗೊ2ವನ್ನು ಎಸ್‌ಐಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎಯಿಂದ ಇಳಿಸಿ ಹೊಳಪು ಕಡಿಮೆಯಾಯಿತೇ ಎಂದು ನೋಡುವುದು ರೂಢಿ. ಆದರೆ ಎಸ್‌ಐಆರ್‌ಎನ್‌ಎ ಕೆಲಸ ಮಾಡುವುದೇ ಆಗೊ2 ಮೂಲಕ. ಆಗೊ2 ಇಳಿದಂತೆ ಕತ್ತರಿಯೇ ಮೊಂಡಾಗುತ್ತದೆ, ಒಂದಷ್ಟು ಪ್ರೋಟೀನ್ ಉಳಿದೇ ಉಳಿಯುತ್ತದೆ. ಹಾಗಾಗಿ ಜೀನನ್ನೇ ಕತ್ತರಿಸುವ ಕ್ರಿಸ್ಪರ್‌ನಿಂದ ಆಗೊ2 ತೆಗೆದ ಕೋಶಗಳು ಸಿಕ್ಕಿದರೆ ಅವನ್ನೇ ಬಳಸಿ. ಅವನ್ನು ಬೇರೆ ಕವರ್‌ಸ್ಲಿಪ್ಪಿನಲ್ಲಿ ಇಡಬೇಡಿ. ಸಾಮಾನ್ಯ ಕೋಶಗಳಿಗೆ ಫಿಕ್ಸ್ ಮಾಡಿದರೂ ಉಳಿಯುವ ಕೆಂಪು ಟ್ರ್ಯಾಕರ್ ಬಣ್ಣ ಕೊಟ್ಟು, ಎರಡನ್ನೂ ಬೆರೆಸಿ ಒಂದೇ ಗಾಜಿನ ಮೇಲೆ ಬೆಳೆಸಿ. ಅಕ್ಕಪಕ್ಕದ ಎರಡು ಕೋಶಗಳಲ್ಲಿ ಒಂದು ಹಸಿರಾಗಿ, ಇನ್ನೊಂದು ಕತ್ತಲಾಗಿ ಒಂದೇ ಚೌಕಟ್ಟಿನಲ್ಲಿ ಕಂಡರೆ ಅದಕ್ಕಿಂತ ದೊಡ್ಡ ಪುರಾವೆ ಬೇಡ.

ಬಣ್ಣ ತಾವೇ ಕಟ್ಟಿಕೊಳ್ಳುವ ಕಿಟ್ ಅಗ್ಗವಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಮಾಡುವುದಾದರೆ ಒಳ್ಳೆಯದೇ. 0.1 ಮೋಲಾರ್ ಸೋಡಿಯಂ ಬೈಕಾರ್ಬೊನೇಟ್, ಪಿಎಚ್ 8.3, ಮಿಲಿಲೀಟರಿಗೆ 1 ಮಿಲಿಗ್ರಾಂ ಆಂಟಿಬಾಡಿ, ಅದರ ಒಂದೊಂದು ಅಣುವಿಗೆ 10ರಿಂದ 15 ಬಣ್ಣದ ಅಣು, ಕತ್ತಲಲ್ಲಿ ಒಂದು ಗಂಟೆ, ಆಮೇಲೆ ಜೆಲ್ ಕಾಲಮ್ಮಿನಲ್ಲಿ ಹಾಯಿಸಿ ಮಿಕ್ಕ ಬಣ್ಣ ತೆಗೆಯುವುದು. ಟ್ರಿಸ್, ಗ್ಲೈಸಿನ್, ಬಿಎಸ್‌ಎ ಯಾವುದೂ ಇರಬಾರದು. ಬಣ್ಣ ಅವಕ್ಕೇ ಅಂಟಿ ಮುಗಿದುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಈ ಕೆಲಸ ಇಲ್ಲಿ ಕೈಕೊಡುತ್ತದೆ. ಕಿಟ್ಟಿನಲ್ಲಿರುವ ಎನ್‌ಎಚ್‌ಎಸ್ ಎಸ್ಟರ್ ಎಂಬ ಬಗೆಯ ಬಣ್ಣ ನೀರು ಕಂಡರೆ ಸಾಯುತ್ತದೆ. ಫ್ರೀಜರಿನಿಂದ ತೆಗೆದ ವಯಲನ್ನು ತಣ್ಣಗಿರುವಾಗಲೇ ತೆರೆದರೆ ಮಳೆಗಾಲದ ಗಾಳಿಯ ತೇವ ಒಳಗೆ ಇಬ್ಬನಿಯಾಗಿ ಕೂರುತ್ತದೆ, ಅಲ್ಲಿಗೆ ಮುಗಿಯಿತು. ಸಿಲಿಕಾ ಜೆಲ್ ತುಂಬಿದ ಡಬ್ಬದೊಳಗೇ ಒಂದು ಗಂಟೆ ಇಟ್ಟು, ಪೂರ್ತಿ ಬೆಚ್ಚಗಾದ ಮೇಲೆ ತೆರೆಯಿರಿ. ಬಣ್ಣ ಕರಗಿಸುವ ಡಿಎಂಎಸ್‌ಒ 18.5 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗ್ಗೆ ಮಡಿಕೇರಿಯ ಮೇಜಿನ ಮೇಲೆ ಅದು ಕಲ್ಲಾಗಿದ್ದರೆ ಹಾಳಾಗಿದೆ ಎಂದು ಎಸೆಯಬೇಡಿ, ಅಂಗೈಯಲ್ಲಿ ಹಿಡಿದರೆ ಕರಗುತ್ತದೆ. ತೇವ ಹೀರಿದ ಹಳೆಯ ಬಾಟಲಿ ಮಾತ್ರ ಬೇಡ.

ಇದೇ ತೇವ, ಕವರ್‌ಸ್ಲಿಪ್ಪನ್ನು ಸ್ಲೈಡಿಗೆ ಕೂರಿಸುವ ಮೌಂಟಿಂಗ್ ದ್ರವಕ್ಕೂ ತೊಂದರೆ. ಗಟ್ಟಿಯಾಗುವ ಜಾತಿಯವು 60 ಶೇಕಡಾಗಿಂತ ಕಡಿಮೆ ಆರ್ದ್ರತೆಯಲ್ಲಿ 24 ಗಂಟೆಯಲ್ಲಿ ಒಣಗುತ್ತವೆ. ಜುಲೈಯಲ್ಲಿ ಇಲ್ಲಿ ಅವು ಒಣಗುವುದೇ ಇಲ್ಲ, ಕವರ್‌ಸ್ಲಿಪ್ ಜಾರಿ ಎಣ್ಣೆ ಲೆನ್ಸಿಗೆ ಅಂಟಿಕೊಳ್ಳುತ್ತದೆ. ಸ್ಲೈಡುಗಳನ್ನು ಡೆಸಿಕೇಟರಿನಲ್ಲಿ ಮಲಗಿಸಿಡಿ. ಲೆನ್ಸುಗಳಿಗೂ ಹಾಗೆಯೇ: ಬೂಸಲು ಹಿಡಿದ ಆಬ್ಜೆಕ್ಟಿವ್ ಮುಂದೆ ಎಂಥ ಆಂಟಿಬಾಡಿಯೂ ಮಂಕು.

ತರಿಸುವ ವಿಷಯ. ಕೊಡಗಿಗೆ ರೈಲಿಲ್ಲ, ವಿಮಾನವಿಲ್ಲ, ಪಾರ್ಸೆಲ್ ರಸ್ತೆಯಲ್ಲೇ ಬರಬೇಕು. ಮಳೆಗಾಲದಲ್ಲಿ ಮಂಗಳೂರು ಕಡೆಯಿಂದ ಸಂಪಾಜೆ ಘಾಟಿ ಹತ್ತಿಸಿ ತರಿಸಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿತ್ತು. ಬೆಂಗಳೂರಿನಿಂದ ಮೈಸೂರು, ಹುಣಸೂರು, ಕುಶಾಲನಗರದ ದಾರಿಯಲ್ಲಿ, ವಾರದ ನಡುವೆ ತಲುಪುವಂತೆ ಹೇಳಿ. ಜೆಲ್ ಪ್ಯಾಕ್ ಸಾಕು, ಡ್ರೈ ಐಸ್ ಬೇಡವೆಂದು ಆರ್ಡರಿನಲ್ಲೇ ಬರೆಯಿರಿ. ಬಣ್ಣದ ಆಂಟಿಬಾಡಿ ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಗಂಟು ಖಚಿತ. ಫ್ರಿಜ್ಜಿನಲ್ಲೂ ಅದೇ ಅಪಾಯ. ಮನೆಬಳಕೆಯ ಫ್ರಿಜ್ಜಿನ ಹಿಂಗೋಡೆಗೆ ತಾಗಿದ ವಯಲ್ ಹೆಪ್ಪುಗಟ್ಟುತ್ತದೆ. ನಡುವಿನ ತಟ್ಟೆಯಲ್ಲಿ ಥರ್ಮಾಕೋಲ್ ಪೆಟ್ಟಿಗೆ ಇಟ್ಟು, ಒಳಗೆ ತಣಿಸಿದ ನೀರಿನ ಬಾಟಲಿಗಳ ನಡುವೆ ವಯಲ್ ಇಡಿ. ಕರೆಂಟು ಹೋದಾಗ ಆ ನೀರೇ ತಂಪು ಕಾಯುತ್ತದೆ.

ಕಾಫಿ, ಏಲಕ್ಕಿ ಮೇಲೆ ಕೆಲಸ ಮಾಡುವವರು ಈ ಆಂಟಿಬಾಡಿಗಳನ್ನು ತರಿಸಬೇಡಿ. ಗಿಡದಲ್ಲಿ ಡೈಸರ್ ಜಾಗದಲ್ಲಿ ಡಿಸಿಎಲ್1, ಆಗೊ2 ಮಾಡುವ ಕೆಲಸಕ್ಕೆ ಮುಖ್ಯವಾಗಿ ಆಗೊ1, ಡ್ರೋಷಾ ಇಲ್ಲವೇ ಇಲ್ಲ. ಗಿಡದ ಆಗೊ1ಕ್ಕೆಂದೇ ಬೆಳೆಸಿದ್ದು ಬೇಕು. ಬಣ್ಣದ ಆಯ್ಕೆಯೂ ಬೇರೆ. ಎಲೆಯ ಹಸಿರು 680ರ ಸುತ್ತ ಕೆಂಪಾಗಿ ಉರಿಯುವುದರಿಂದ ಕಡುಗೆಂಪಿನ 647 ಬಣ್ಣ ಅದರಲ್ಲಿ ಮುಳುಗಿಹೋಗುತ್ತದೆ. ಕಾಫಿಯ ಕ್ಲೋರೊಜೆನಿಕ್ ಆಮ್ಲ, ಲಿಗ್ನಿನ್ ಎರಡೂ ನೀಲಿ-ಹಸಿರಾಗಿ ಹೊಳೆದು ಡ್ಯಾಪಿಯನ್ನೂ 488ನ್ನೂ ಕೆಡಿಸುತ್ತವೆ. ಎಥನಾಲಿನಲ್ಲಿ ಹಸಿರು ತೆಗೆದು, 594 ಅಥವಾ 568 ಬಳಸುವುದು ಒಂದು ದಾರಿ. ಬಣ್ಣ ಹಾಕದ ಅದೇ ಎಲೆಯ ಚೂರು ಪ್ರತಿ ಸಲ ಪಕ್ಕದಲ್ಲಿರಲಿ.

647 ಬಗ್ಗೆ ಇನ್ನೊಂದು ಸೂಚನೆ. ಆ ಬೆಳಕು ನಮ್ಮ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಕ್ಯಾಮೆರಾ ಇಲ್ಲದೆ ಐಪೀಸಿನಲ್ಲಿ ನೋಡುವ ಲ್ಯಾಬಿಗೆ ಅದು ಬೇಡವೇ ಬೇಡ. 488 ಮತ್ತು 594 ಜೋಡಿ ಸಾಕು. ಚಿತ್ರ ತೆಗೆಯುವಾಗ ಮೊದಲು 594, ಆಮೇಲೆ 488, ಕೊನೆಗೆ ಡ್ಯಾಪಿ. ಡ್ಯಾಪಿಯ ನೀಲಿ-ನೇರಳೆ ಬೆಳಕನ್ನು ಮೊದಲು ಬಿಟ್ಟರೆ ಉಳಿದ ಬಣ್ಣಗಳು ಮಾಸುತ್ತವೆ. ವಯಲಿನ ಮೇಲಿನ ಲಾಟ್ ನಂಬರನ್ನು ಪ್ರತಿ ಚಿತ್ರದ ಹೆಸರಿನಲ್ಲೇ ಸೇರಿಸಿ. ಹೊಸ ಲಾಟ್ ಬಂದ ದಿನ ಹಳೆಯದರಲ್ಲಿ ಉಳಿದ ಕೊನೆಯ 2 ಮೈಕ್ರೋಲೀಟರನ್ನು ಖರ್ಚು ಮಾಡದೆ ಇಟ್ಟುಕೊಂಡಿದ್ದರೆ, ಎರಡನ್ನೂ ಒಂದೇ ದಿನ ಫಿಕ್ಸ್ ಮಾಡಿದ ಎರಡು ಕವರ್‌ಸ್ಲಿಪ್‌ಗಳ ಮೇಲೆ ಒಂದೇ ಎಕ್ಸ್‌ಪೋಶರಿನಲ್ಲಿ ಹೋಲಿಸಿ ನೋಡಬಹುದು.